ಕಲ್ಲಿದ್ದಲ ಗಣಿಯ ಕೆಸರುನೀರು

ಸಂಜೆ ದೀಪ ಹೊತ್ತಿಸುವ ನಮ್ಮ ಪಟ್ಟಣವಾಸಿಗಳಲ್ಲಿ ಅನೇಕರು ಆ ಬೆಳಕು ಶರಾವತಿಯಿಂದ ಬಂದಿತೆಂದು ನಂಬಿ ಸಮಾಧಾನದಿಂದಿರುತ್ತಾರೆ. ಆದರೆ ರಾಯಚೂರಿನಲ್ಲಿಯೂ ಬಳ್ಳಾರಿ ಸೀಮೆಯ ಕುಡತಿನಿಯಲ್ಲಿಯೂ ಉರಿಯುವ ಕಲ್ಲಿದ್ದಲು ಕನ್ನಡ ನೆಲದ್ದಲ್ಲ. ಕುಡತಿನಿಗಾಗಿಯೇ ನಮ್ಮ ವಿದ್ಯುತ್ ನಿಗಮವು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬರಾಂಜಿನಲ್ಲಿ ಒಂದು ತೆರೆದ ಗಣಿಯನ್ನು ಪಡೆದಿದೆ. ಗಣಿಯು ಪರಪ್ರಾಂತದಲ್ಲಿದ್ದರೂ ಅದರ ಹೊಣೆ ಪರರದಲ್ಲ. ಆದುದರಿಂದ ಇಂತಹ ಗಣಿಗಳ ಮಳೆನೀರು ಏನಾಗುತ್ತದೆಂಬುದನ್ನು ವಿಚಾರಿಸುವುದು ನಮ್ಮ ವಾಚಕರಿಗೆ ಸಲ್ಲದ ಕೆಲಸವೇನೂ ಅಲ್ಲ.

ತೆರೆದ ಗಣಿಯಲ್ಲಿ ಕಲ್ಲಿದ್ದಲ ಪದರದ ಮೇಲಿನ ಮಣ್ಣನ್ನೂ ಬಂಡೆಯನ್ನೂ ಅಗೆದು ತೆಗೆದು ಪಕ್ಕದಲ್ಲಿ ಗುಡ್ಡದಂತೆ ಒಟ್ಟುತ್ತಾರೆ. ಹುಲ್ಲಿನ ಬೇರೂ ಹಿಡಿದಿಡದ ಆ ಸಡಿಲ ರಾಶಿಯ ಮೇಲೆ ಮುಂಗಾರು ಸುರಿಯುತ್ತದೆ. ನೂರು ಹೆಕ್ಟೇರ್ ನೆಲದ ಮೇಲೆ 100 ಮಿಲಿಮೀಟರ್ ಮಳೆಯಾದರೆ ಬೀಳುವ ನೀರು 10 ಕೋಟಿ ಲೀಟರ್. ಅದರ ಅರ್ಧವೇ ಹರಿದರೂ, ಹರಿದುದೆಲ್ಲವೂ ಕೆಸರು. ಹೊರಗಿನ ನೀರು ಗಣಿಗೆ ಇಳಿಯದಂತೆ ಸುತ್ತಲೂ ಮಾಲೆಯ ಹಾಗೆ ಕಾಲುವೆ ತೋಡುವುದು, ಗುಡ್ಡದ ಬುಡಕ್ಕೆ ಕಲ್ಲಿನ ಗೋಡೆ ಕಟ್ಟುವುದು, ತಳದ ಗುಂಡಿಯಲ್ಲಿ ಕೂಡಿದ ನೀರನ್ನು ಪಂಪಿನಿಂದ ಮೇಲೆತ್ತುವುದು, ಇವೆಲ್ಲ ಬಲ್ಲ ಗಣಿಗಾರರು ಮಾಡಿಕೊಂಡು ಬಂದ ಏರ್ಪಾಡುಗಳೇ. ಕೊನೆಗೆ ಕೆಸರುನೀರೆಲ್ಲ ಬಂದು ನಿಲ್ಲಬೇಕಾದುದು ಹೂಳಿನ ಕೊಳದಲ್ಲಿ.

ಈ ಕೊಳವು ನಮ್ಮ ಕೆರೆಯನ್ನು ತಿರುವುಮುರುವು ಮಾಡಿದಂತಿದೆ. ಏರಿ, ತೂಬು, ಕೋಡಿ ಎಲ್ಲವೂ ಉಂಟು. ಆದರೆ ಕೆರೆಗೆ ಹೂಳು ಶತ್ರುವಾದರೆ, ಇಲ್ಲಿ ಹೂಳನ್ನು ಹಿಡಿಯುವುದೇ ಉದ್ದೇಶ. ನಿಂತ ನೀರಿನಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ದಪ್ಪದ ಮರಳಿನ ಕಣವು ಒಂದು ಮೀಟರ್ ಇಳಿಯಲು ಸುಮಾರು ಎರಡು ನಿಮಿಷ ಸಾಕು. ಅದರ ಐವತ್ತರಲ್ಲೊಂದು ಪಾಲಿನಷ್ಟಿರುವ ಜೇಡಿಯ ಕಣಕ್ಕೆ ಮೂರು ದಿನಕ್ಕೂ ಹೆಚ್ಚು ಬೇಕು! ಕೊಳದಲ್ಲಿ ನೀರು ಅಷ್ಟು ಹೊತ್ತು ನಿಲ್ಲದಿದ್ದರೆ ಮರಳು ಉಳಿದು ಜೇಡಿ ಹಳ್ಳಕ್ಕೆ ಹೋಗುತ್ತದೆ. ನಮ್ಮ ಅಜ್ಜಿಯರು ಕದಡಿದ ನೀರಿಗೆ ಚಿಲ್ಲದ ಬೀಜವನ್ನು ತೇಯ್ದು ಹಾಕುತ್ತಿದ್ದರಷ್ಟೆ. ಗಣಿಯವರು ಪಟಿಕದಂತಹ ಪದಾರ್ಥಗಳನ್ನು ಬೆರೆಸಿ ಕಣಗಳನ್ನು ಗಂಟುಗೂಡಿಸುವುದೂ ಅದೇ ತತ್ತ್ವದಿಂದ.

ಕಷ್ಟವು ಕೊಳ ತೋಡುವುದರಲ್ಲಿಲ್ಲ, ಅದನ್ನು ಬರಿದು ಮಾಡುವುದರಲ್ಲಿದೆ. ಒಂದು ಹೆಕ್ಟೇರ್ ವಿಸ್ತಾರದ, ಮೂರು ಮೀಟರ್ ಆಳದ ಕೊಳವು 3 ಕೋಟಿ ಲೀಟರ್ ಹಿಡಿಯುತ್ತದೆನ್ನೋಣ. ಎರಡು ಮೀಟರ್ ಹೂಳು ತುಂಬಿದ ಮೇಲೆ ಅದು ಹಿಡಿಯುವುದು ಒಂದೇ ಕೋಟಿ. ನಕ್ಷೆಯಲ್ಲಿ ಮಾತ್ರ ಅದು ಮೊದಲಿನ ಕೊಳವೇ! ತನಿಖೆಗೆ ಬಂದ ಅಧಿಕಾರಿಗೆ ಮೇಲಿನ ನೀರು ಕಾಣುತ್ತದೆ, ಕೆಳಗಿನ ಕೆಸರು ಕಾಣುವುದಿಲ್ಲ. ಹೂಳೆತ್ತುವುದಕ್ಕೆ ಖರ್ಚುಂಟು, ಆದಾಯವಿಲ್ಲ. ಆದುದರಿಂದಲೇ ಅದು ಮುಂದಿನ ವರ್ಷಕ್ಕೆ ಹೋಗುತ್ತದೆ. ಎತ್ತಿದ ಹೂಳನ್ನು ಏರಿಯ ಮೇಲೆಯೇ ಸುರಿದರೆ ಮೊದಲ ಮಳೆಗೆ ಅದು ಮತ್ತೆ ಕೊಳಕ್ಕಿಳಿಯುವುದೆಂದು ಹೇಳಬೇಕಾಗಿಲ್ಲ.

ಕಾನೂನಿಲ್ಲವೆನ್ನುವಂತಿಲ್ಲ. ಗಣಿಯಿಂದ ಹೊಳೆಗೆ ಬಿಡುವ ನೀರಿನಲ್ಲಿ ಲೀಟರಿಗೆ 100 ಮಿಲಿಗ್ರಾಂಗಿಂತ ಹೆಚ್ಚು ತೇಲುಕಣಗಳಿರಬಾರದೆಂದು ಭಾರತದ ನಿಯಮವಿದೆ. ಅಮೆರಿಕದವರು 1977ರಲ್ಲಿ ತೆರೆದ ಗಣಿಗಳಿಗೆಂದೇ ಶಾಸನ ಮಾಡಿದರು. ಅದರ ನಿಯಮಗಳಲ್ಲಿ ಒಂದು ನಮಗೆ ಬಹಳ ಮೆಚ್ಚಿಕೆಯಾದುದು: ಅಗೆದ ನೆಲದಲ್ಲಿ ಕೊನೆಯ ಸಲ ಬೀಜ ಬಿತ್ತಿ ಎರಡು ವರ್ಷಗಳಾದರೂ ಕಳೆಯದೆ ಕೊಳವನ್ನು ಕೀಳಕೂಡದು. ಹಸುರು ನೆಲವನ್ನು ಹಿಡಿಯುವವರೆಗೆ ಕೊಳವು ಹಿಡಿಯಬೇಕೆಂಬುದು ಅವರ ಯೋಚನೆ.

ಹೂಳಿನ ದುಃಖವು ಕನ್ನಡಿಗರಿಗೆ ಹೊಸದಲ್ಲ. ಕುದುರೆಮುಖದ ಕಬ್ಬಿಣದ ಗಣಿಯ ಕೆಸರು ಭದ್ರೆಗೆ ಸೇರುವುದೆಂಬ ಕೂಗು ವರ್ಷಗಟ್ಟಲೆ ನಡೆದು, ಕೊನೆಗೆ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಅಂತ್ಯಕ್ಕೆ ಅಲ್ಲಿ ಅಗೆತವು ನಿಂತಿತು. ಅಂದು ಭದ್ರೆಗಾಗಿ ನಾವು ಕೇಳಿದುದನ್ನು ಇಂದು ವರ್ಧಾ ನದಿಯ ಸೀಮೆಯ ರೈತನು ಕೇಳಿದರೆ ತಪ್ಪೆನ್ನಲು ನಮಗೆ ಬಾಯಿಲ್ಲ. ಯಾವುದೊಂದು ಗಣಿಯ ಮೇಲೂ ನಾವು ದೋಷಾರೋಪಣೆ ಮಾಡುತ್ತಿಲ್ಲ. ನಾವು ಕೇಳುವುದಿಷ್ಟೆ: ಪ್ರತಿವರ್ಷ ಮೇ ತಿಂಗಳು ಮುಗಿಯುವುದರೊಳಗೆ ಪ್ರತಿಯೊಂದು ಕೊಳದ ಆಳವನ್ನು ಗಳುವಿನಿಂದ ಅಳೆದು, ಎಷ್ಟು ಹೂಳು ತೆಗೆದರು, ಎಲ್ಲಿ ಹಾಕಿದರು ಎಂಬ ಲೆಕ್ಕವನ್ನು ಕೆಳಗಿನ ಹಳ್ಳಿಗಳ ಪಂಚಾಯತಿಗಳಲ್ಲಿ ಅವರ ಭಾಷೆಯಲ್ಲಿಯೇ ಅಂಟಿಸತಕ್ಕದ್ದು, ಬರಾಂಜಿನದಾದರೆ ಅದರ ಒಂದು ಪ್ರತಿ ಬೆಂಗಳೂರಿಗೂ ಬರಲಿ.