ನೂಲಿನ ಉರುಳೆಯಿಂದ ಬಂದ ರಾಕೆಟ್
ಟೊಮೆಟೊ ಬೆಲೆ ದಿಢೀರನೆ ಏರಿದರೆ ಕನ್ನಡ ಪತ್ರಿಕೆಗಳಲ್ಲಿ ಅದು ‘ಗಗನಕ್ಕೇರುತ್ತದೆ’, ಇಂಗ್ಲಿಷಿನಲ್ಲಿ ‘ಸ್ಕೈರಾಕೆಟ್’ ಆಗುತ್ತದೆ. ಸ್ಕೈರಾಕೆಟ್ ಎಂದರೆ ಮೂಲತಃ ಆಕಾಶಕ್ಕೆ ಚಿಮ್ಮಿ ಸಿಡಿಯುವ ಬಾಣಬಿರುಸು; ಕ್ರಿಯಾಪದವಾದದ್ದು ಆಮೇಲೆ. ವರ್ಷಗಟ್ಟಲೆ ನಿಧಾನವಾಗಿ ಏರಿದ್ದಕ್ಕೆ ಈ ಪದ ಒಪ್ಪದು.

ರಾಕೆಟ್‌ನ ಬೇರು ಇಟಾಲಿಯನ್ ಭಾಷೆಯ ‘ರೊಕೆಟ್ಟೊ’, ಅಂದರೆ ನೂಲು ಸುತ್ತುವ ಪುಟ್ಟ ಉರುಳೆ. ಆಕಾರ ನೋಡಿ ಇಟ್ಟ ಹೆಸರು, ವೇಗಕ್ಕೂ ಅದಕ್ಕೂ ಸಂಬಂಧವೇ ಇಲ್ಲ!

ಯುದ್ಧದ ರಾಕೆಟ್‌ಗೆ ಮಾತ್ರ ಕನ್ನಡನಾಡಿನ ನಂಟು ಗಟ್ಟಿ. ಹೈದರ್, ಟಿಪ್ಪು ಸೇನೆಗಳು ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಹಾರಿಸುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಆ ರಾಕೆಟ್‌ಗಳನ್ನು ಇಂಗ್ಲೆಂಡಿಗೆ ಒಯ್ದರು. ಅಲ್ಲಿನ ಸಂಶೋಧಕ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ರೂಪಿಸಿದ್ದು ಅನಂತರ. ಹೊಸನಗರ ತಾಲ್ಲೂಕಿನ ‘ನಗರ’ ಎಂಬ ಊರಿನಲ್ಲಿ 2018ರಲ್ಲಿ ಹಾಳುಬಾವಿಯೊಂದರಿಂದ ಆ ಕಾಲದ ಸಾವಿರ ರಾಕೆಟ್‌ಗಳು ಹೊರಬಂದವು.