ಹಾಡಿದ್ದೇ ಹಾಡುವ ಹಕ್ಕಿ

ಪಂಜರದ ಹಕ್ಕಿ ಮಾರುವ ಅಂಗಡಿಗಳಲ್ಲಿ ಜೀಬ್ರಾ ಫಿಂಚ್ ಎಂಬ ಪುಟ್ಟ ಹಕ್ಕಿಯನ್ನು ನೀವು ನೋಡಿರಬಹುದು. ಗುಬ್ಬಿಗಿಂತ ಚಿಕ್ಕದು, ಕೆಂಪು ಕೊಕ್ಕು, ಗಂಡಿನ ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಮಚ್ಚೆ. ಮೂಲ ಆಸ್ಟ್ರೇಲಿಯಾ. ಹಾಡುವುದು ಗಂಡು ಮಾತ್ರ. ಅದೂ ಮರಿಯಾಗಿದ್ದಾಗ ಅಪ್ಪನನ್ನು ಕೇಳಿ ಕಲಿತ ಒಂದೇ ಒಂದು ಹಾಡು. ಹುಟ್ಟಿ ಮೂರು ತಿಂಗಳಾಗುವಷ್ಟರಲ್ಲಿ ಹಾಡು ಗಟ್ಟಿಯಾಗುತ್ತದೆ. ಆಮೇಲೆ ಜೀವನಪೂರ್ತಿ ಅದೇ. ‘ಹಾಡಿದ್ದೇ ಹಾಡೋ ಕಿಸಬಾಯಿ ದಾಸ’ ಎಂಬ ಗಾದೆಗೆ ಇದಕ್ಕಿಂತ ತಕ್ಕ ಜೀವಿ ಸಿಗಲಾರದು.

ಈ ಗಾದೆ ಹೋದ ವರ್ಷ ನನ್ನ ಮೇಲೇ ಪ್ರಯೋಗವಾಯಿತು. ನನ್ನ ಹಳೆಯ ಲೇಖನಗಳನ್ನು ಜೋಡಿಸಿಡುತ್ತಿದ್ದ ಮಗಳು, “ಅಪ್ಪಾ, ಅರ್ಧ ದಾಟಿದ ಕೂಡಲೇ ಒಂದು ಪ್ಯಾರಾ ‘ಆದರೆ’ ಅಂತಲೇ ಶುರುವಾಗತ್ತೆ, ಗೊತ್ತಾ?” ಎಂದಳು. ಇಲ್ಲವೆಂದು ವಾದಿಸಿ, ಎಣಿಸಲು ಕೂತೆ. ಹನ್ನೊಂದು ಲೇಖನಗಳಲ್ಲಿ ಒಂಬತ್ತು. ಕೆಟ್ಟ ಲೇಖನಗಳೇನಲ್ಲ, ಸಂಪಾದಕರು ಒಪ್ಪಿದ್ದರು, ಓದುಗರು ಬೈದಿರಲಿಲ್ಲ. ಅಲ್ಲೇ ಇರುವುದು ತೊಡಕು. ಸೋಲು ತಾನಾಗಿಯೇ ದಾರಿ ಬದಲಿಸುತ್ತದೆ. ಗಾಡಿಯ ಜಾಡು ಆಳವಾಗುವುದು ಅಲ್ಲಿ ಗಾಡಿ ಸಲೀಸಾಗಿ ಓಡುವುದರಿಂದ.

ಒಂದು ಲೆಕ್ಕ ನೋಡಿ. ಮೂರು ಪಾತ್ರೆಗಳಿವೆ: 21 ಲೋಟ ಹಿಡಿಯುವ ಬಿಂದಿಗೆ, 127 ಲೋಟದ ಹಂಡೆ, 3 ಲೋಟದ ಚೊಂಬು. ಸರಿಯಾಗಿ 100 ಲೋಟ ನೀರು ಅಳೆಯಬೇಕು. ಹಂಡೆ ತುಂಬಿಸಿ, ಅದರಿಂದ ಒಂದು ಬಿಂದಿಗೆ, ಎರಡು ಚೊಂಬು ತೆಗೆದರೆ ಉಳಿಯುವುದು 100. ಪಾತ್ರೆಗಳ ಹೆಸರು ನನ್ನವು, ಅಳತೆಗಳು ಅಮೆರಿಕದ ಮನೋವಿಜ್ಞಾನಿ ಅಬ್ರಹಾಂ ಲೂಚಿನ್ಸ್ 1942ರಲ್ಲಿ ಪ್ರಕಟಿಸಿದ ಪ್ರಯೋಗದವು. ಇದೇ ಉಪಾಯಕ್ಕೆ ಬಗ್ಗುವ ಲೆಕ್ಕಗಳನ್ನು ಅವರು ಒಂದರ ಹಿಂದೊಂದು ಕೊಡುತ್ತಿದ್ದರು. ಕೈ ಕುದುರಿದ ಮೇಲೆ ಮತ್ತೊಂದು: 23, 49, 3, ಬೇಕಾದದ್ದು 20. ಜನ ಹಂಡೆ ತುಂಬಿಸಿ, ಬಿಂದಿಗೆ ತೆಗೆದು, ಎರಡು ಚೊಂಬು ತೆಗೆದರು. ಉತ್ತರವೂ ಬಂತು. ತುಂಬಿದ ಬಿಂದಿಗೆಯಿಂದ ಒಂದೇ ಒಂದು ಚೊಂಬು ತೆಗೆದರೆ ಮುಗಿಯುತ್ತಿತ್ತು ಎಂಬುದು ಕಣ್ಣಿಗೆ ಬೀಳಲಿಲ್ಲ.

ಅದಾದ ಮೇಲಿನದು ಇನ್ನೂ ತಮಾಷೆ. 28, 76, 3; ಬೇಕಾದದ್ದು 25. ಹಳೆಯ ಉಪಾಯ ಹಿಡಿದರೆ 42 ಬರುತ್ತದೆ. ಈ ಲೆಕ್ಕ ಬಿಡಿಸಲಾಗದು ಎಂದು ಎಷ್ಟೋ ಜನ ಕೈಚೆಲ್ಲಿದರು. ಮೊದಲಿನ ಲೆಕ್ಕಗಳನ್ನು ಮಾಡಿರದವರಿಗೆ ಇದು ಮಕ್ಕಳಾಟ. ಕೆಲವರಿಂದ ಲೂಚಿನ್ಸ್ ‘ಕುರುಡಾಗಬೇಡ’ ಎಂದು ಹಾಳೆಯ ಮೇಲೆ ಬರೆಸಿದರು. ಸ್ವಲ್ಪ ಮಂದಿಗೆ ಅದರಿಂದ ಉಪಯೋಗವಾಯಿತು. ಉಳಿದವರು ಎಚ್ಚರಿಕೆ ಬರೆದು, ಅದರ ಕೆಳಗೇ ಹಳೆಯ ದಾರಿ ಹಿಡಿದರು.

ಪರಿಣತರಾದರೆ ಬಚಾವಾಗಬಹುದೆ? 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೆರಿಮ್ ಬಿಲಾಲಿಚ್ ಮತ್ತು ಸಂಗಡಿಗರು ಪಳಗಿದ ಚೆಸ್ ಆಟಗಾರರ ಮುಂದೆ ಒಂದು ಆಟವಿಟ್ಟರು. ಎಲ್ಲರಿಗೂ ಬಾಯಿಪಾಠವಾಗಿರುವ ಐದು ನಡೆಗಳ ಗೆಲುವು ಅದರಲ್ಲಿತ್ತು. ಮೂರೇ ನಡೆಗಳ ಇನ್ನೊಂದೂ ಅಡಗಿತ್ತು. ಮೊದಲನೆಯದು ಸಿಕ್ಕ ಮೇಲೆ ಆಟಗಾರರು ‘ಇದಕ್ಕಿಂತ ಚಿಕ್ಕದನ್ನು ಹುಡುಕುತ್ತಿದ್ದೇವೆ’ ಎಂದರು. ಸುಳ್ಳು ಹೇಳಲಿಲ್ಲ, ಹಾಗೆಂದು ನಂಬಿಯೇ ಇದ್ದರು. ಕಣ್ಣಿನ ಚಲನೆ ದಾಖಲಿಸುವ ಯಂತ್ರ ಮಾತ್ರ ಬೇರೆ ಹೇಳಿತು: ನೋಟ ಮತ್ತೆ ಮತ್ತೆ ಹಳೆಯ ಉಪಾಯದ ಚೌಕಗಳ ಮೇಲೇ ಸುಳಿಯುತ್ತಿತ್ತು. ಕಾಯಿಯೊಂದನ್ನು ಸರಿಸಿ ಆ ಐದು ನಡೆಗಳ ದಾರಿಯನ್ನೇ ಮುಚ್ಚಿದಾಗ ಚಿಕ್ಕ ದಾರಿ ಕಂಡಿತು. ‘ಹೊಸದಾಗಿ ಯೋಚಿಸಿ’ ಎಂಬ ಉಪದೇಶದಲ್ಲಿ ನನಗೆ ನಂಬಿಕೆ ಹೋದದ್ದು ಇದನ್ನು ಓದಿದ ಮೇಲೆ.

ದಾರಿ ಮುಚ್ಚಿದಾಗ ಏನಾಗುತ್ತದೆ ಎಂಬುದು ಲಂಡನ್ನಿನಲ್ಲಿ ದೊಡ್ಡ ಪ್ರಮಾಣದಲ್ಲಿ, ಯಾರ ಉದ್ದೇಶವೂ ಇಲ್ಲದೆ ಗೊತ್ತಾಯಿತು. 2014ರ ಫೆಬ್ರುವರಿಯಲ್ಲಿ ಎರಡು ದಿನ ಅಲ್ಲಿನ ಸುರಂಗ ರೈಲು ನೌಕರರು ಮುಷ್ಕರ ಹೂಡಿದರು. ಹಲವು ನಿಲ್ದಾಣ ಮುಚ್ಚಿದವು, ಕೆಲವು ತೆರೆದಿದ್ದವು. ಕೆಲಸಕ್ಕೆ ಹೋಗುವವರು ಬೈದುಕೊಳ್ಳುತ್ತ ಬೇರೆ ಬೇರೆ ದಾರಿ ಹಿಡಿದರು. ಪ್ರಯಾಣದ ಕಾರ್ಡುಗಳ ದತ್ತಾಂಶವನ್ನು ಅರ್ಥಶಾಸ್ತ್ರಜ್ಞರು ಜಾಲಾಡಿದಾಗ, ಮುಷ್ಕರ ಮುಗಿದ ಮೇಲೂ ಸುಮಾರು ಶೇಕಡಾ 5ರಷ್ಟು ಜನ ಹಳೆಯ ದಾರಿಗೆ ಮರಳಿರಲಿಲ್ಲ. ವರ್ಷಗಟ್ಟಲೆ ಓಡಾಡಿದ ಊರಿನಲ್ಲೇ ಅವರಿಗೆ ಇನ್ನೂ ಒಳ್ಳೆಯ ದಾರಿ ಸಿಕ್ಕಿತ್ತು. ಉಳಿದ 95 ಮಂದಿ ದಡ್ಡರೆಂದಲ್ಲ. ಹೆಚ್ಚಿನವರಿಗೆ ಹಳೆಯದೇ ಸರಿಯಾಗಿದ್ದಿರಬೇಕು.

ಆದರೆ ಬೇಕೆಂದಾಗ ಮುಷ್ಕರ ಮಾಡಿಸಿಕೊಳ್ಳುವುದು ಹೇಗೆ? ಕಂಪ್ಯೂಟರ್ ವಿಜ್ಞಾನಿಗಳಿಗೂ ಎದುರಾದ ಪ್ರಶ್ನೆ ಇದು. ದಟ್ಟ ಮಂಜಿನಲ್ಲಿ ಮುಳ್ಳಯ್ಯನಗಿರಿಯ ತುದಿ ಹುಡುಕುತ್ತಿದ್ದೀರಿ ಎಂದುಕೊಳ್ಳಿ. ಎತ್ತರ 1,930 ಮೀಟರ್, ನಿಮಗೆ ಕಾಣುವುದು ಕಾಲಡಿಯ ನೆಲ ಮಾತ್ರ. ಪ್ರತಿ ಹೆಜ್ಜೆಯೂ ಮೇಲಕ್ಕೇ ಇರಬೇಕೆಂದು ಹಟ ಹಿಡಿದರೆ ಹತ್ತಿರದ ಯಾವುದೋ ದಿಬ್ಬದ ನೆತ್ತಿ ಮುಟ್ಟಿ ನಿಂತುಬಿಡುತ್ತೀರಿ. ಅಲ್ಲಿಂದ ಎತ್ತ ಕಾಲಿಟ್ಟರೂ ಇಳಿಜಾರು. ದೊಡ್ಡ ಬೆಟ್ಟಕ್ಕೆ ಹೋಗಬೇಕಾದರೆ ಮೊದಲು ಇಳಿಯಬೇಕು, ಗೊತ್ತಿದ್ದೂ ಹದಗೆಡಬೇಕು.

1983ರಲ್ಲಿ ಐಬಿಎಂನ ಸ್ಕಾಟ್ ಕರ್ಕ್‌ಪ್ಯಾಟ್ರಿಕ್ ಮತ್ತು ಇಬ್ಬರು ಸಹೋದ್ಯೋಗಿಗಳು ಇದಕ್ಕೆ ಲೋಹದ ಕೆಲಸದಿಂದ ಉಪಾಯ ತಂದರು. ತಾಮ್ರದ ಹಂಡೆ ಬಡಿಯುವವರಿಗೆ ಅದು ಹಳೆಯ ವಿಷಯ. ಬಡಿದಷ್ಟೂ ತಗಡು ಗಡುಸಾಗುತ್ತದೆ, ಹಟ ಮಾಡಿ ಇನ್ನೂ ಬಡಿದರೆ ಸೀಳುತ್ತದೆ. ಆಗ ಸುತ್ತಿಗೆ ಕೆಳಗಿಟ್ಟು ಅದನ್ನು ಕೆಂಪಗೆ ಕಾಯಿಸುತ್ತಾರೆ. ಸಿಕ್ಕಿಹಾಕಿಕೊಂಡಿದ್ದ ಪರಮಾಣುಗಳು ಬಿಸಿಗೆ ಅಲ್ಲಾಡಿ, ಹೊಸದಾಗಿ ಸಾಲುಗೂಡಿ ಕೂರುತ್ತವೆ. ತಗಡು ಮತ್ತೆ ಕೈಗೆ ಬಗ್ಗುತ್ತದೆ. ಕರ್ಕ್‌ಪ್ಯಾಟ್ರಿಕ್ ಅವರ ಗಣನಕ್ರಮದಲ್ಲೂ ಒಂದು ‘ಉಷ್ಣಾಂಶ’ವಿದೆ. ಅದು ಹೆಚ್ಚಿರುವಾಗ ಕಂಪ್ಯೂಟರ್ ಕೆಟ್ಟ ಹೆಜ್ಜೆಗಳನ್ನೂ ಧಾರಾಳವಾಗಿ ಇಡುತ್ತದೆ. ನಿಧಾನವಾಗಿ ತಣಿಸುತ್ತ ಹೋದಂತೆ ಆ ಧಾರಾಳ ಕಡಿಮೆಯಾಗುತ್ತದೆ. ಚಿಪ್ಪಿನ ಮೇಲೆ ಬಿಡಿಭಾಗಗಳನ್ನು ಎಲ್ಲಿ ಕೂರಿಸಬೇಕು, ಊರೂರು ತಿರುಗುವ ವ್ಯಾಪಾರಿಗೆ ಹತ್ತಿರದ ದಾರಿ ಯಾವುದು ಎಂಬಂಥ ತಲೆನೋವುಗಳಿಗೆ ಅವರು ಇದನ್ನು ಬಳಸಿದರು. ನಿಧಾನವಾಗಿ ಎಂಬುದು ಮುಖ್ಯ. ಒಮ್ಮೆಲೇ ತಣಿಸಿದರೆ ಕಲಸಿದ್ದು ಕಲಸಿದಂತೆಯೇ ಹೆಪ್ಪುಗಟ್ಟುತ್ತದೆ. ಎರಡು ದಿನ ಪ್ರವಾಸ ಹೋಗಿ ಬಂದು ಸೋಮವಾರವೇ ಹೊಸ ಮನುಷ್ಯನಾಗಲು ಹೊರಟವರನ್ನು ನೋಡಿದರೆ ನನಗೆ ಇದು ನೆನಪಾಗುತ್ತದೆ.

ಇನ್ನು ನಮ್ಮ ಹಕ್ಕಿ. ಅದು ಹಾಡಿದ್ದೇ ಹಾಡುತ್ತದೆ ಎಂದೆನಲ್ಲ, ಅದು ಅರ್ಧ ಸತ್ಯ. ಎದುರಿಗೆ ಹೆಣ್ಣು ಕೂತಿದ್ದರೆ ಗಂಡು ಅಚ್ಚು ಹೊಡೆದಂತೆ ಹಾಡುತ್ತದೆ. ಪ್ರತಿ ಸ್ವರವೂ ಕಳೆದ ಸಲದ್ದರ ಪಡಿಯಚ್ಚು. ಒಂಟಿಯಾಗಿದ್ದಾಗ ಅದೇ ಹಾಡಿನ ಸ್ವರಗಳು ಕೂದಲೆಳೆಯಷ್ಟು ಮೇಲೆ ಕೆಳಗೆ ತೂಗಾಡುತ್ತವೆ. ನಮ್ಮ ಕಿವಿಗೆ ತಿಳಿಯದಷ್ಟು ಸಣ್ಣ ವ್ಯತ್ಯಾಸ, ಉಪಕರಣಕ್ಕೆ ತಿಳಿಯುತ್ತದೆ. ಇದು ಅಜಾಗರೂಕತೆಯಲ್ಲ. ಎಲ್‌ಮ್ಯಾನ್ ಎಂದು ಕರೆಯುವ ಮಿದುಳಿನ ಒಂದು ಭಾಗ ಈ ಅಲುಗಾಟವನ್ನು ಹಾಡಿನೊಳಗೆ ಬೆರೆಸುತ್ತದೆ. ಕಲಿಯುತ್ತಿರುವ ಮರಿಯಲ್ಲಿ ಔಷಧಿ ಕೊಟ್ಟು ಆ ಭಾಗವನ್ನು ಕೊಂಚ ಹೊತ್ತು ಸುಮ್ಮನಾಗಿಸಿದರೆ, ತೊದಲು ಹಾಡು ಥಟ್ಟನೆ ಏಕತಾನವಾಗುತ್ತದೆ. ಅಂದರೆ ತಪ್ಪು ಮಾಡಿಸಲೆಂದೇ ಹಕ್ಕಿಯ ತಲೆಯಲ್ಲಿ ಒಂದು ಇಲಾಖೆ ಇದೆ.

ಆ ತಪ್ಪಿನ ಲಾಭ ತೋರಿಸಿದವರು ಎವ್ರೆನ್ ಟ್ಯೂಮರ್ ಮತ್ತು ಮೈಕೆಲ್ ಬ್ರೈನಾರ್ಡ್. 2007ರ ಪ್ರಯೋಗ, ಹಕ್ಕಿ ಜೀಬ್ರಾ ಫಿಂಚ್‌ನ ನಂಟಸ್ಥ ಬೆಂಗಾಲೀಸ್ ಫಿಂಚ್. ಹಾಡಿನ ಒಂದು ಸ್ವರದ ಶ್ರುತಿ ಗೊತ್ತುಪಡಿಸಿದ ಗೆರೆಯ ಒಂದು ಬದಿಗೆ ಹೋದಾಗಲೆಲ್ಲ ‘ಜರ್ರ್’ ಎಂದು ಗದ್ದಲ ಕೇಳಿಸುತ್ತಿದ್ದರು. ಕೆಲವೇ ಗಂಟೆಗಳಲ್ಲಿ ಹಕ್ಕಿ ಆ ಸ್ವರವನ್ನು ಗೆರೆಯ ಇನ್ನೊಂದು ಬದಿಗೆ ಸರಿಸಿಕೊಂಡಿತು. ಸ್ವರ ಮೊದಲೇ ಅಷ್ಟಿಷ್ಟು ತೂಗಾಡುತ್ತಿದ್ದುದರಿಂದ ಗದ್ದಲವಿಲ್ಲದ ಬದಿ ಅದಕ್ಕೆ ಗೊತ್ತಾಯಿತು.

ಸಂಗೀತಗಾರರಿಗೆ ಇದರಲ್ಲಿ ಹೊಸದೇನೂ ಇಲ್ಲ. ಕಚೇರಿ ಬೇರೆ, ಬೆಳಗಿನ ಸಾಧಕ ಬೇರೆ. ನನ್ನಂಥ ಅಂಕಣಕಾರನಿಗೆ ಕಚೇರಿಯಷ್ಟೇ ಉಳಿದಿತ್ತು. ಬರೆದದ್ದೆಲ್ಲ ಗಡುವಿಗೆ, ಅಚ್ಚಿಗೆ. ಹೆಣ್ಣು ಹಕ್ಕಿ ಸದಾ ಎದುರಿಗೆ. ಈಗ ಬೆಳಿಗ್ಗೆ ಹಾಲಿನವನು ಬರುವ ಮೊದಲು, ಯಾರಿಗೂ ತೋರಿಸದ ಒಂದು ಪುಟ ಬರೆಯುತ್ತೇನೆ, ಪೆನ್ಸಿಲಿನಲ್ಲಿ. ಒಂದು ದಿನ ಬರೀ ಸಂಭಾಷಣೆ, ಇನ್ನೊಂದು ದಿನ ಕ್ರಿಯಾಪದವೇ ಇಲ್ಲದ ವಾಕ್ಯಗಳು. ಬಹುಪಾಲು ಒಲೆಗೆ ಹಾಕುವಂಥವು. ಎರಡು ತಿಂಗಳಲ್ಲಿ ಇಟ್ಟುಕೊಳ್ಳಬೇಕೆನಿಸಿದ್ದು ಮೂರು ಪುಟ.

ಈ ಲೇಖನ ಮುಗಿಸಿ ಹೆಮ್ಮೆಯಿಂದಲೇ ಮಗಳ ಕೈಗೆ ಕೊಟ್ಟೆ. ಓದುತ್ತ ಬಂದವಳು ಅರ್ಧ ದಾಟಿದ ಕಡೆ ನಿಂತು, ಪ್ಯಾರಾದ ಮೊದಲ ಪದದ ಮೇಲೆ ಬೆರಳಿಟ್ಟು, ಏನೂ ಹೇಳದೆ ನನ್ನ ಮುಖ ನೋಡಿದಳು.