ಪತಿಯ ಸಾಲಕ್ಕೆ ಪತ್ನಿ ಹೊಣೆಯೇ?

ಪಾಂಡವಪುರದ ರಸಗೊಬ್ಬರದ ಅಂಗಡಿಯೊಂದರಲ್ಲಿ ರೈತನೊಬ್ಬ, ಕಬ್ಬಿನ ಹಣ ಬಂದೊಡನೆ ತೀರಿಸುವ ಮಾತಿನ ಮೇಲೆ, ಎರಡು ಲಕ್ಷ ರೂಪಾಯಿಯ ಗೊಬ್ಬರ ಹಾಗೂ ಔಷಧವನ್ನು ಉದ್ರಿ ಪಡೆದನೆಂದು ಭಾವಿಸಬಹುದು. ಹಣ ಕೈಸೇರುವ ಮುನ್ನವೇ ಆತ ತೀರಿಕೊಂಡರೆ ಬಾಕಿಯನ್ನು ಕೊಡಬೇಕಾದವರು ಯಾರು? ವರ್ತಕನು ಆತನ ಪತ್ನಿಯನ್ನು ಕೇಳುತ್ತಾನೆ. ಆಕೆಯೂ ಮನೆತನದ ಮರ್ಯಾದೆಗೆ ಅಂಜಿ ತವರಿನಿಂದ ಬಂದ ಒಡವೆಯನ್ನು ಅಡವಿಡುತ್ತಾಳೆ. ಕಾನೂನು ಹೀಗೆಯೇ ಇದೆಯೆಂದು ಇಬ್ಬರೂ ನಂಬಿರುತ್ತಾರೆ. ವಾಸ್ತವದಲ್ಲಿ ಕಾನೂನು ಹಾಗಿಲ್ಲ.

ಮೂಲ ನಿಯಮ

ಸಾಲವು ಒಪ್ಪಂದದಿಂದ ಹುಟ್ಟುತ್ತದೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ ಪ್ರಕಾರ ಮಾತು ಕೊಟ್ಟವನೇ ಅದಕ್ಕೆ ಬದ್ಧ. ವಿವಾಹವೆಂಬುದು ಜಾಮೀನು ಪತ್ರವಲ್ಲ. ಪತಿಯ ಸಾಲಕ್ಕೆ ಪತ್ನಿಯಾಗಲಿ, ಪತ್ನಿಯ ಸಾಲಕ್ಕೆ ಪತಿಯಾಗಲಿ ಕೇವಲ ಆ ಸಂಬಂಧದ ಕಾರಣದಿಂದ ಹೊಣೆಯಾಗುವುದಿಲ್ಲ. ಈ ನಿಯಮ ಎಲ್ಲ ಮತಧರ್ಮದವರಿಗೂ ಒಂದೇ.

ಇದು ಪಶ್ಚಿಮದಿಂದ ಬಂದ ವಿಚಾರವೆಂದು ತಿಳಿಯಬೇಕಾಗಿಲ್ಲ. ಪತಿ ಅಥವಾ ಮಗ ಮಾಡಿದ ಸಾಲವನ್ನು ಸ್ತ್ರೀಯು ತೀರಿಸಬೇಕಿಲ್ಲವೆಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಕುಟುಂಬದ ಪೋಷಣೆಗಾಗಿ ಮಾಡಿದ ಸಾಲ ಇದಕ್ಕೆ ಅಪವಾದ. ಆಕೆ ತಾನಾಗಿ ಒಪ್ಪಿಕೊಂಡದ್ದು, ಪತಿಯೊಡನೆ ಸೇರಿ ಮಾಡಿದ್ದು, ಸ್ವತಃ ಮಾಡಿದ್ದು, ಈ ಮೂರು ಬಗೆಯ ಸಾಲಗಳನ್ನು ಮಾತ್ರ ಆಕೆ ತೀರಿಸಬೇಕು. ಈ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದದ್ದು ಚಾಲುಕ್ಯರ ಕಲ್ಯಾಣದಲ್ಲಿ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಹೊಣೆ ಬರುವುದು ಯಾವಾಗ?

ಇಂದಿನ ಕಾನೂನಿನಲ್ಲಿಯೂ ಹೊಣೆ ಬರುವ ದಾರಿಗಳು ಕೆಲವೇ. ಮೊದಲನೆಯದು, ಸಹಸಾಲಗಾರರಾಗಿ ರುಜು ಹಾಕುವುದು. ಆಗ ಒಪ್ಪಂದ ಕಾಯ್ದೆಯ 43ನೆಯ ಕಲಮಿನಂತೆ ಪೂರ್ತಿ ಹಣವನ್ನು ಇಬ್ಬರಲ್ಲಿ ಯಾರೊಬ್ಬರಿಂದಲೂ ಕೇಳಬಹುದು. ಎರಡನೆಯದು, ಜಾಮೀನು. 128ನೆಯ ಕಲಮಿನಂತೆ ಜಾಮೀನುದಾರರ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದುದು. ಮೊದಲು ಪತಿಯಿಂದ ವಸೂಲು ಮಾಡಿ ಅನಂತರ ತನ್ನ ಬಳಿಗೆ ಬರಬೇಕೆಂದು ಪತ್ನಿ ಹಟ ಹಿಡಿಯುವಂತಿಲ್ಲ. ಮೂರನೆಯದು, ಪಾಲುದಾರಿಕೆ. ನಾಗಮಂಗಲದ ಹಿತ್ತಾಳೆ ಪಾತ್ರೆಯ ಅಂಗಡಿಯನ್ನು ಪತಿ ಪತ್ನಿಯರು ಪಾಲುದಾರರಾಗಿ ನಡೆಸುತ್ತಿದ್ದರೆ, 1932ರ ಪಾಲುದಾರಿಕೆ ಕಾಯ್ದೆಯ 25ನೆಯ ಕಲಮಿನಂತೆ ಸಂಸ್ಥೆಯ ಸಾಲಕ್ಕೆ ಇಬ್ಬರೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಬಾಧ್ಯರು. ಪತ್ನಿ ಅಂಗಡಿಗೆ ಒಮ್ಮೆಯೂ ಬಾರದಿದ್ದರೂ ಇದು ತಪ್ಪದು.

ನಾಲ್ಕನೆಯದು ಬಹಳ ಮಂದಿ ಗಮನಿಸದ ದಾರಿ: ಬಾಯಿಮಾತು ಮತ್ತು ನಡವಳಿಕೆ. ಷೇರು ದಲ್ಲಾಳಿ ಸಂಸ್ಥೆಯೊಂದರಲ್ಲಿ ದಂಪತಿಗಳು ಬೇರೆ ಬೇರೆ ಖಾತೆ ತೆರೆದಿದ್ದರು. ಪತ್ನಿಯ ಖಾತೆಯ ನಷ್ಟವನ್ನು ತುಂಬಲು ಪತಿಯ ಖಾತೆಯ ಹಣವನ್ನು ಬಳಸಲಾಗಿತ್ತು. ಎರಡೂ ಖಾತೆಗಳ ನಷ್ಟಕ್ಕೆ ಇಬ್ಬರೂ ಹೊಣೆಯೆಂಬ ಮೌಖಿಕ ಒಪ್ಪಂದವಿತ್ತೆಂದು ಪಂಚಾಯ್ತಿದಾರರು ತೀರ್ಮಾನಿಸಿದರು. 2025ರ ಫೆಬ್ರವರಿ 10ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿದುದರಿಂದ ಸುಮಾರು 1.18 ಕೋಟಿ ರೂಪಾಯಿ ಹಾಗೂ ಬಡ್ಡಿಗೆ ಪತಿಯೂ ಹೊಣೆಯಾದ.

ಚೆಕ್ಕಿನ ವಿಷಯ ಬೇರೆ. ಜಂಟಿ ಖಾತೆಯ ಚೆಕ್ಕು ತಿರಸ್ಕೃತವಾದರೂ ರುಜು ಹಾಕದ ಪತ್ನಿಯ ಮೇಲೆ 138ನೆಯ ಕಲಮಿನನ್ವಯ ಮೊಕದ್ದಮೆ ಹೂಡುವಂತಿಲ್ಲವೆಂದು ಅದೇ ನ್ಯಾಯಾಲಯ 2013ರಲ್ಲಿ ಅಪರ್ಣಾ ಶಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2021ರಲ್ಲಿ ಮತ್ತೊಂದು ಪ್ರಕರಣದಲ್ಲಿ ಈ ನಿಲುವನ್ನು ಪುನರುಚ್ಚರಿಸಿತು.

ಸಾಲಗಾರ ತೀರಿಕೊಂಡರೆ

ಈಗ ಪಾಂಡವಪುರದ ಅಂಗಡಿಗೆ ಮರಳಬಹುದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 50 ಮತ್ತು 52ನೆಯ ಕಲಮುಗಳ ಪ್ರಕಾರ ವಾರಸುದಾರರ ಹೊಣೆ, ಮೃತನಿಂದ ಅವರ ಕೈಸೇರಿದ ಆಸ್ತಿಯ ಮಿತಿಗೆ ಒಳಪಟ್ಟದ್ದು. ಬಾಕಿ ಎರಡು ಲಕ್ಷವಿದ್ದು, ಆತ ಬಿಟ್ಟುಹೋದ ಆಸ್ತಿಯ ಮೌಲ್ಯ ಎಂಬತ್ತು ಸಾವಿರವಷ್ಟೇ ಆಗಿದ್ದರೆ ವರ್ತಕನಿಗೆ ದಕ್ಕುವುದೂ ಅಷ್ಟೇ. ತವರಿನ ಒಡವೆ, ಪತ್ನಿಯ ಹೆಸರಿಗೆ ದಾನಪತ್ರದ ಮೂಲಕ ಬಂದ ಜಮೀನು, ಆಕೆಯ ಸ್ವಂತ ಗಳಿಕೆ ಇದಕ್ಕೆ ಸೇರುವುದಿಲ್ಲ. ಹಿಂದೂ ಸ್ತ್ರೀಯ ಆಸ್ತಿ ಆಕೆಯ ಪೂರ್ಣ ಸ್ವತ್ತೆಂದು 1956ರ ಉತ್ತರಾಧಿಕಾರ ಕಾಯ್ದೆಯ 14ನೆಯ ಕಲಮು ಸಾರುತ್ತದೆ. 2005ರ ಸೆಪ್ಟೆಂಬರ್ 9ರ ಅನಂತರದ ತಂದೆಯ ಸಾಲವನ್ನು ಪಿತೃಋಣವೆಂಬ ಒಂದೇ ಆಧಾರದ ಮೇಲೆ ಮಗನಿಂದಲೂ ವಸೂಲು ಮಾಡುವಂತಿಲ್ಲ.

ಡಿಕ್ರಿಯಾದರೂ ಎಲ್ಲವೂ ಜಪ್ತಿಗೆ ಒಳಪಡುವುದಿಲ್ಲ. ಸಂಹಿತೆಯ 60ನೆಯ ಕಲಮು ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಧಾರ್ಮಿಕ ಪದ್ಧತಿಯಂತೆ ಸ್ತ್ರೀಯು ತೆಗೆಯಬಾರದ ಆಭರಣ, ಬೇಸಾಯದ ಉಪಕರಣಗಳನ್ನು ರಕ್ಷಿಸುತ್ತದೆ. ಮಾಂಗಲ್ಯಕ್ಕೆ ಕೈಹಾಕಲು ಯಾವ ಸಾಲಗಾರನಿಗೂ, ಯಾವ ಅಮೀನನಿಗೂ ಅಧಿಕಾರವಿಲ್ಲ. ಹಾಗೆಯೇ 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ 6ನೆಯ ಕಲಮಿನಂತೆ ಪತ್ನಿ, ಮಕ್ಕಳ ಹಿತಕ್ಕಾಗಿ ಮಾಡಿಸಿದ ಜೀವವಿಮೆಯ ಹಣ ಪತಿಯ ಸಾಲದ ಪಾಲಾಗುವುದಿಲ್ಲ. ವಿಮೆ ಮಾಡಿಸುವಾಗಲೇ ಅರ್ಜಿಯಲ್ಲಿ ಇದನ್ನು ನಮೂದಿಸಬೇಕೆಂಬುದನ್ನು ವರ್ತಕರು ಮರೆಯಬಾರದು.

ಪತ್ನಿಯ ಹೆಸರಿನ ಸಾಲ

ಕೃಷ್ಣರಾಜಪೇಟೆ, ಶ್ರೀರಂಗಪಟ್ಟಣಗಳ ಹಳ್ಳಿಗಳಲ್ಲಿ ಕಿರುಸಾಲಗಳನ್ನು ಪಡೆಯುವವರು ಹೆಚ್ಚಾಗಿ ಹೆಂಗಸರು. ಹಣ ಎಷ್ಟೋ ಬಾರಿ ಹೋಗುವುದು ಪತಿಯ ಕೊಳವೆಬಾವಿಗೋ ಆಲೆಮನೆಗೋ. ಹಣ ಯಾರು ಬಳಸಿದರೆಂಬುದನ್ನು ಕಾನೂನು ಕೇಳದು; ರುಜು ಹಾಕಿದವಳೇ ಹೊಣೆ. 2022ರ ಏಪ್ರಿಲ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ನಿರ್ದೇಶನಗಳು ಪತಿ, ಪತ್ನಿ, ಅವಿವಾಹಿತ ಮಕ್ಕಳನ್ನು ಒಂದೇ ಕುಟುಂಬವೆಂದು ಎಣಿಸಿ, ಸಾಲದ ಕಂತುಗಳು ಕುಟುಂಬದ ತಿಂಗಳ ಆದಾಯದ ಶೇಕಡ 50ನ್ನು ಮೀರಬಾರದೆಂದು ವಿಧಿಸಿದವು. ಈ ಎಣಿಕೆ ಸಾಲದ ಮಿತಿಗಾಗಿಯೇ ಹೊರತು ಒಬ್ಬರ ಹೊಣೆಯನ್ನು ಇನ್ನೊಬ್ಬರ ಮೇಲೆ ಹೊರಿಸುವುದಕ್ಕಲ್ಲ. ವಸೂಲಿಯ ಕಿರುಕುಳವನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಸುಗ್ರೀವಾಜ್ಞೆಯು 10 ವರ್ಷಗಳವರೆಗಿನ ಸೆರೆವಾಸ ಮತ್ತು 5 ಲಕ್ಷ ರೂಪಾಯಿಯವರೆಗಿನ ದಂಡವನ್ನು ವಿಧಿಸಿತು. ಮುಂದಿನ ತಿಂಗಳಲ್ಲೇ ಶಾಸನಸಭೆ ಅದಕ್ಕೆ ಸಂಬಂಧಿಸಿದ ವಿಧೇಯಕವನ್ನು ಅಂಗೀಕರಿಸಿತು.

ಆಸ್ತಿಯನ್ನು ಅಡಗಿಸುವಂತಿಲ್ಲ

ಈ ರಕ್ಷಣೆಯನ್ನು ಕಂಡು ಸಾಲ ತಪ್ಪಿಸಲು ಮನೆಯನ್ನು ಪತ್ನಿಯ ಹೆಸರಿಗೆ ಬರೆದರೆ ಅದು ನಿಲ್ಲದು. ಸಾಲ ಕೊಟ್ಟವರನ್ನು ವಂಚಿಸುವ ವರ್ಗಾವಣೆಯನ್ನು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 53ನೆಯ ಕಲಮಿನನ್ವಯ ರದ್ದುಪಡಿಸಬಹುದು.

ವರ್ತಕರು ಗಮನಿಸಬೇಕಾದದ್ದು

ದೊಡ್ಡ ಮೊತ್ತದ ಉದ್ರಿಗೆ ದಂಪತಿಗಳಿಬ್ಬರ ಹೊಣೆ ಬೇಕೆಂದಿದ್ದರೆ ಆರಂಭದಲ್ಲಿಯೇ ವಿಷಯವನ್ನು ತಿಳಿಯಹೇಳಿ ಇಬ್ಬರ ರುಜು ಪಡೆಯುವುದು ನೇರವಾದ ಮಾರ್ಗ. ಮಾರಿದ ಸರಕಿನ ಹಣಕ್ಕೆ ಕಾಲಮಿತಿ ಮೂರು ವರ್ಷವಾದ್ದರಿಂದ ಅವಧಿ ಮುಗಿಯುವ ಮುನ್ನ ಸಾಲಗಾರನಿಂದ ಲಿಖಿತ ಒಪ್ಪಿಗೆ ಪಡೆಯುವುದೂ ಅಗತ್ಯ. ಸಾವಿನ ಮನೆಯಲ್ಲಿ ಹೊಸ ಪ್ರಾಮಿಸರಿ ನೋಟಿಗೆ ವಿಧವೆಯ ರುಜು ಕೇಳುವುದು ಮಾತ್ರ ಸಲ್ಲದು. ಅದುವರೆಗೆ ಆಕೆಗಿಲ್ಲದ ಹೊಣೆಯನ್ನು ಆ ಒಂದು ರುಜು ತಂದೊಡ್ಡಬಲ್ಲುದು. ಅಂಥ ಕಾಗದವನ್ನು ಕಂಡಾಗ ತಿಳಿದವರೊಬ್ಬರನ್ನು ಕೇಳಿ ಬರುವುದಾಗಿ ಹೇಳುವ ಹಕ್ಕು ಆಕೆಗಿದೆ. ಆ ಬಿಡುವನ್ನು ಕೊಡುವ ವರ್ತಕನ ಖಾತೆಯಲ್ಲಿ ಬಾಕಿ ಉಳಿದೀತು, ಆದರೆ ಆ ಮನೆಯ ಮುಂದಿನ ಪೀಳಿಗೆಯೂ ಅವನ ಅಂಗಡಿಗೇ ಬರುತ್ತದೆ.